ಮಕಾವ್‌ನಲ್ಲಿರುವ ಮಾವನಿಗೆ ಬಕಾರಾ ಪಾಠ

ಮಾವ, ಗ್ರೂಪಿನಲ್ಲಿ ನಿಮ್ಮ ಮೆಸೇಜ್ ಈಗ ನೋಡಿದೆ. "ಮಕಾವ್‌ಗೆ ಬಂದಿದ್ದೇವೆ, ಇಲ್ಲಿ ಯಾವ ಟೇಬಲ್ ನೋಡಿದರೂ ಬಕಾರಾ ಅಂತ ಒಂದೇ ಆಟ. ಜನ ಎಲೆಗೆ ಬಾಯಲ್ಲಿ ಊದುತ್ತಾರೆ, ಕೂಗುತ್ತಾರೆ. ನೀನು ಹಡಗಿನ ಕ್ಯಾಸಿನೊದಲ್ಲಿ ಡೀಲರ್ ಆಗಿದ್ದವನು, ಹೇಗೆ ಆಡೋದು ಹೇಳೋ" ಅಂತ ಕೇಳಿದ್ದೀರಿ. ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ. ಬಾಯಲ್ಲೇ ಹೇಳುತ್ತಿದ್ದೇನೆ, ಫೋನ್ ಬರೆದುಕೊಳ್ಳಲಿ. ಉದ್ದ ಆಗುತ್ತದೆ, ಬೇಡದವರು ಮುಂದೆ ಹೋಗಿ.

ಮೊದಲು ಒಂದು ವಿಷಯ. ಈ ಆಟದಲ್ಲಿ ನೀವು ಆಡುವುದು ಏನೂ ಇಲ್ಲ. ರಮ್ಮಿ ಥರ ಎಲೆ ಹಿಡಿದು ಲೆಕ್ಕ ಹಾಕುವ ಕೆಲಸ ಇಲ್ಲ. ನಮ್ಮ ಅಂದರ್ ಬಾಹರ್ ಇದೆಯಲ್ಲ, ಅದರ ದೊಡ್ಡಣ್ಣ ಅಂದುಕೊಳ್ಳಿ. ಎರಡು ಕಡೆ ಎಲೆ ಬೀಳುತ್ತದೆ, ಒಂದರ ಹೆಸರು ಪ್ಲೇಯರ್, ಇನ್ನೊಂದು ಬ್ಯಾಂಕರ್. ಪ್ಲೇಯರ್ ಅಂದರೆ ನೀವಲ್ಲ, ಬ್ಯಾಂಕರ್ ಅಂದರೆ ಕ್ಯಾಸಿನೊ ಅಲ್ಲ. ಬರೀ ಹೆಸರು ಅಷ್ಟೇ. ಯಾವ ಕಡೆ ಗೆಲ್ಲುತ್ತದೆ ಅಂತ ಮೊದಲೇ ಹಣ ಕಟ್ಟಬೇಕು, ಇಲ್ಲಾ ಎರಡೂ ಸಮ ಆಗುತ್ತದೆ ಅಂತ ಟೈ ಮೇಲೆ ಕಟ್ಟಬೇಕು. ಆಮೇಲೆ ಕೈ ಕಟ್ಟಿ ಕೂರುವುದು.

ಎಲೆಯ ಬೆಲೆ ಹೀಗೆ. ಎಕ್ಕಕ್ಕೆ 1. ಎರಡರಿಂದ ಒಂಬತ್ತರವರೆಗೆ ಇರುವಷ್ಟೇ. ಹತ್ತು, ಗುಲಾಮ, ರಾಣಿ, ರಾಜ ಎಲ್ಲ ಸೊನ್ನೆ. ಕೂಡಿಸಿದಾಗ ಕೊನೆಯ ಅಂಕಿ ಮಾತ್ರ ಲೆಕ್ಕ. 7 ಮತ್ತು 8 ಬಂದರೆ 15, ಅಂದರೆ 5. ಒಂಬತ್ತಕ್ಕೆ ಹತ್ತಿರ ಇದ್ದವರು ಗೆದ್ದರು. ಸಾಮಾನ್ಯವಾಗಿ 8 ಕಟ್ಟು ಸೇರಿಸಿ, 416 ಎಲೆ ಒಟ್ಟಿಗೆ ಕಲಸಿ ಇಟ್ಟಿರುತ್ತಾರೆ.

ಎರಡೆರಡು ಎಲೆ ಹಾಕಿದ ಮೇಲೆ ಯಾವುದಾದರೂ ಕಡೆ 8 ಅಥವಾ 9 ಇದ್ದರೆ ಆಟ ಅಲ್ಲಿಗೇ ಮುಗಿಯಿತು. ಇಲ್ಲದಿದ್ದರೆ ಪ್ಲೇಯರ್ ಕಡೆಗೆ 5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೂರನೇ ಎಲೆ, 6 ಅಥವಾ 7 ಇದ್ದರೆ ಇಲ್ಲ. ಪ್ಲೇಯರ್ ಎಲೆ ತೆಗೆಯದಿದ್ದರೆ ಬ್ಯಾಂಕರ್‌ಗೂ ಅದೇ ನಿಯಮ. ತೆಗೆದರೆ ಮಾತ್ರ ಸ್ವಲ್ಪ ತಿರುವು. ಬ್ಯಾಂಕರ್ ತನ್ನ ಮೊತ್ತದ ಜೊತೆಗೆ ಪ್ಲೇಯರ್‌ಗೆ ಬಂದ ಮೂರನೇ ಎಲೆ ಯಾವುದು ಅಂತಲೂ ನೋಡುತ್ತದೆ. ಅದಕ್ಕೊಂದು ಪಟ್ಟಿಯೇ ಇದೆ. ಡೀಲರ್‌ಗೆ ಬಾಯಿಪಾಠ ಇರುತ್ತದೆ, ನೀವು ಕಲಿಯಬೇಕಾಗಿಲ್ಲ.

ಒಂದು ಕೈ, ಅಂದರೆ ಒಂದು ಸುತ್ತಿನ ಆಟ ಮಾತ್ರ ಹೇಳುತ್ತೇನೆ, ಟೇಬಲ್ಲಿನಲ್ಲಿ ಜಾಸ್ತಿ ತಕರಾರು ಬರುವುದು ಇಲ್ಲೇ. ಪ್ಲೇಯರ್‌ಗೆ 7, 8 ಬಂತು, ಅಂದರೆ 5. ಬ್ಯಾಂಕರ್‌ಗೆ ರಾಜ ಮತ್ತು 3, ಅಂದರೆ 3. ಪ್ಲೇಯರ್ ಮೂರನೇ ಎಲೆ 8. ಮೊತ್ತ 13, ಅಂದರೆ 3. ಈಗ ಎರಡೂ ಕಡೆ ಮೂರು. ಬ್ಯಾಂಕರ್ ಮೇಲೆ ಕಟ್ಟಿದವರು "ಇನ್ನೊಂದು ಎಲೆ ಹಾಕಿ" ಅಂತ ಕೂಗುತ್ತಾರೆ. ಹಾಕಲ್ಲ. ಕೈಯಲ್ಲಿ 3 ಇದ್ದು, ಪ್ಲೇಯರ್‌ಗೆ 8 ಬಂದಿದ್ದರೆ ಬ್ಯಾಂಕರ್ ಸುಮ್ಮನಿರಬೇಕು. ಯಾಕೆ ಅಂದರೆ, ಪ್ಲೇಯರ್ ಎಲೆ ತೆಗೆದಿದೆ ಅಂದ ಮೇಲೆ ಮೊದಲು 0ಯಿಂದ 5ರ ಒಳಗಿತ್ತು. ಅದಕ್ಕೆ 8 ಕೂಡಿಸಿ: 8, 9, 0, 1, 2, 3. ಈ ಆರರಲ್ಲಿ ಮೂರನ್ನು ಬ್ಯಾಂಕರ್ ಕೂತಲ್ಲೇ ಸೋಲಿಸುತ್ತದೆ, ಒಂದು ಸಮ. ಸುಮ್ಮನಿರುವುದೇ ಲಾಭ. ಅಂದಹಾಗೆ ಸಮ ಆದರೆ ಪ್ಲೇಯರ್, ಬ್ಯಾಂಕರ್ ಮೇಲೆ ಕಟ್ಟಿದ ಹಣ ಹೋಗಲ್ಲ, ವಾಪಸ್ ಸಿಗುತ್ತದೆ.

ಹೀಗೆ ಎದುರಿನವರ ಎಲೆ ನೋಡಿ ನಡೆಯುವುದರಿಂದ ಬ್ಯಾಂಕರ್‌ಗೆ ಸ್ವಲ್ಪ ಜಾಸ್ತಿ ಗೆಲುವು. ನೂರಕ್ಕೆ 45.86 ಸಲ ಬ್ಯಾಂಕರ್, 44.62 ಸಲ ಪ್ಲೇಯರ್, 9.52 ಸಲ ಟೈ. ಹಾಗೇ ಬಿಟ್ಟರೆ ಎಲ್ಲರೂ ಬ್ಯಾಂಕರ್ ಮೇಲೇ ಕಟ್ಟಿ ಕ್ಯಾಸಿನೊ ಮುಚ್ಚಿಸುತ್ತಾರೆ ಅಲ್ವಾ? ಅದಕ್ಕೆ ಬ್ಯಾಂಕರ್ ಗೆದ್ದರೆ ಗೆದ್ದ ಹಣದಲ್ಲಿ 5% ಕಮಿಷನ್ ಹಿಡಿಯುತ್ತಾರೆ. ಹಿಡಿದ ಮೇಲೂ ಇದೇ ಕಡಿಮೆ ನಷ್ಟದ ಜಾಗ. ಲೆಕ್ಕ ನೋಡಿ. ಕೈಗೆ 500 ಹಾಂಗ್‌ಕಾಂಗ್ ಡಾಲರ್, ಗಂಟೆಗೆ 60 ಕೈ ಅಂದುಕೊಳ್ಳಿ. ಒಟ್ಟು ಕಟ್ಟಿದ್ದು 30,000. ಸರಾಸರಿಯಲ್ಲಿ ಬ್ಯಾಂಕರ್ ಮೇಲೆ ಸುಮಾರು 320 ಹೋಗುತ್ತದೆ, ಪ್ಲೇಯರ್ ಮೇಲೆ 370. ಟೈ ಮೇಲೆ? ಸುಮಾರು 4,300! ಒಂದಕ್ಕೆ ಎಂಟು ಕೊಡುತ್ತೇವೆ ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ, ಕಣ್ಣು ಕುಕ್ಕುತ್ತದೆ. ನ್ಯಾಯವಾಗಿ ಒಂಬತ್ತೂವರೆ ಕೊಡಬೇಕಿತ್ತು. ಟೈ ಕಡೆ ತಲೆ ಹಾಕಿಯೂ ಮಲಗಬೇಡಿ.

ಇನ್ನೊಂದು, "ನೋ ಕಮಿಷನ್" ಅಂತ ಬೋರ್ಡ್ ಇರುವ ಟೇಬಲ್ ನೋಡಿ ಖುಷಿ ಪಡಬೇಡಿ. ಅಲ್ಲಿ ಬ್ಯಾಂಕರ್ 6ರಲ್ಲಿ ಗೆದ್ದರೆ ಅರ್ಧ ಹಣವೇ ಕೊಡುವುದು. ಬ್ಯಾಂಕರ್ ಮೇಲಿನ ನಷ್ಟ 1.06%ನಿಂದ 1.46%ಗೆ ಏರುತ್ತದೆ. ಬಿಟ್ಟಿ ಅಂದಿದ್ದೇ ದುಬಾರಿ.

ಇನ್ನು ಆ ಊದುವ ವಿಷಯ. ಅದೇ ನನಗೆ ಇಷ್ಟದ ಭಾಗ. ಒಂದು ಕಡೆ ಎಲ್ಲರಿಗಿಂತ ಜಾಸ್ತಿ ಕಟ್ಟಿದವರಿಗೆ ಎಲೆ ತಿರುಗಿಸುವ ಅವಕಾಶ ಕೊಡುತ್ತಾರೆ. ಅವರು ಥಟ್ಟನೆ ತಿರುಗಿಸಲ್ಲ. ಎಲೆಯನ್ನು ಅಡ್ಡ ಇಟ್ಟು, ಎರಡೂ ಹೆಬ್ಬೆರಳಲ್ಲಿ ಉದ್ದನೆಯ ಅಂಚನ್ನು ಕೂದಲೆಳೆಯಷ್ಟು ಎತ್ತುತ್ತಾರೆ. ಗೆರೆ ಕಂಡರೆ ಚಿತ್ರದ ಎಲೆ, ಸೊನ್ನೆ. ಏನೂ ಕಾಣದಿದ್ದರೆ ಎಕ್ಕ, ಎರಡು ಅಥವಾ ಮೂರು. ಅಂಚಿನಲ್ಲಿ ಎರಡು ಗುರುತು ಕಂಡರೆ 4 ಅಥವಾ 5. ಮೂರು ಕಂಡರೆ 6, 7, 8ರಲ್ಲಿ ಒಂದು. ನಾಲ್ಕು ಕಂಡರೆ 9 ಅಥವಾ 10, ಅಂದರೆ ಸ್ವರ್ಗ ಇಲ್ಲಾ ಸೊನ್ನೆ. ಈಗ ನಡುವಿನ ಗುರುತು ಒಂದೋ ಎರಡೋ ಅನ್ನುವುದೇ ಪ್ರಶ್ನೆ. ಊದುವುದು ಅದಕ್ಕೇ, ಬೇಡದ ಗುರುತು ಹಾರಿ ಹೋಗಲಿ ಅಂತ! ಅಷ್ಟರಲ್ಲಿ ಎಲೆ ಸುಕ್ಕಾಗಿ ಕೆಲಸಕ್ಕೆ ಬಾರದಂತಾಗಿರುತ್ತದೆ. ಆ ಎಲೆಗಳನ್ನು ಮತ್ತೆ ಬಳಸಲ್ಲ, ಎಸೆಯುತ್ತಾರೆ.

ಎಲೆ ಮೊದಲೇ ಬಿದ್ದಾಗಿದೆ, ಊದಿದರೆ ಬದಲಾಗಲ್ಲ ಅಂತ ಎಲ್ಲರಿಗೂ ಗೊತ್ತು. ಟೇಬಲ್ ಪಕ್ಕದ ಪರದೆಯಲ್ಲಿ ಕೆಂಪು, ನೀಲಿ ಸೊನ್ನೆಗಳ ಸಾಲು ಕಾಣುತ್ತದಲ್ಲ, ಅದೂ ಹಾಗೇ. ಕೆಂಪು ಬ್ಯಾಂಕರ್ ಗೆದ್ದದ್ದು, ನೀಲಿ ಪ್ಲೇಯರ್. ಜನ ಅದನ್ನು ಜಾತಕದ ಹಾಗೆ ಓದುತ್ತಾರೆ. ಕ್ಯಾಸಿನೊದವರೇ ಬರೆದುಕೊಳ್ಳಲು ಕಾಗದ, ಪೆನ್ಸಿಲ್ ಕೊಡುತ್ತಾರೆ. ನಿಜವಾಗಿ ಉಪಯೋಗ ಆಗುವುದಿದ್ದರೆ ಕೊಡುತ್ತಿದ್ದರಾ?

ಒಮ್ಮೆ ಹೀಗೆ ಜನರ ನಂಬಿಕೆಗೆ ತಲೆಯಾಡಿಸಿ ಕ್ಯಾಸಿನೊದವರೇ ಸಿಕ್ಕಿಬಿದ್ದದ್ದೂ ಇದೆ. 2012ರಲ್ಲಿ ಲಂಡನ್ನಿನ ಕ್ರಾಕ್‌ಫರ್ಡ್ಸ್ ಕ್ಯಾಸಿನೊದಲ್ಲಿ ಫಿಲ್ ಐವಿ ಅನ್ನುವ ಪೋಕರ್ ಆಟಗಾರ ಇದೇ ಆಟದಲ್ಲಿ ಸುಮಾರು 77 ಲಕ್ಷ ಪೌಂಡ್ ಗೆದ್ದ. ಜೊತೆಗಿದ್ದ ಮಹಿಳೆ ಅದೃಷ್ಟದ ನೆಪ ಹೇಳಿ ಒಳ್ಳೆಯ ಎಲೆಗಳನ್ನು ಮಾತ್ರ ಉಲ್ಟಾ ತಿರುಗಿಸಿಡಲು ಡೀಲರ್‌ಗೆ ಹೇಳುತ್ತಿದ್ದರು. ಎಲೆಯ ಹಿಂಭಾಗದ ಚಿತ್ತಾರ ಎರಡು ಅಂಚಿನಲ್ಲೂ ಒಂದೇ ಥರ ಇರಲಿಲ್ಲ, ಹಾಗಾಗಿ ಮುಂದೆ ಬರುವುದು ಒಳ್ಳೆಯ ಎಲೆಯೋ ಅಲ್ಲವೋ ಅಂತ ಹಿಂಭಾಗ ನೋಡಿಯೇ ಗೊತ್ತಾಗುತ್ತಿತ್ತು. ಕ್ಯಾಸಿನೊ ಹಣ ಕೊಡಲಿಲ್ಲ, ಕಟ್ಟಿದ ಅಸಲು ಮಾತ್ರ ವಾಪಸ್ ಕೊಟ್ಟಿತು. 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಕೂಡ ಇದು ಮೋಸವೇ ಅಂದಿತು.

ಗ್ರೂಪಿನಲ್ಲಿ ಯಾರೋ ಬಕಾರಾ ಆಪ್ ಲಿಂಕ್ ಹಾಕಿದ್ದೀರಿ, ತೆಗೆದುಬಿಡಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ 2025ರ ಆಗಸ್ಟಿನಲ್ಲೇ ನಮ್ಮಲ್ಲಿ ಕಾನೂನು ಬಂದಿದೆ.

ಮಾವ, ಕೂರುವ ಮೊದಲು ಟೇಬಲ್ ಮೇಲೆ ಕನಿಷ್ಠ ಎಷ್ಟು ಕಟ್ಟಬೇಕು ಅಂತ ಬೋರ್ಡ್ ಇರುತ್ತದೆ, ಅದನ್ನು ರೂಪಾಯಿಗೆ ತಿರುಗಿಸಿ ನೋಡಿ. ಒಳಗೆ ಫೋಟೊ ತೆಗೆಯಬೇಡಿ, ಸೆಕ್ಯುರಿಟಿಯವರು ಬರುತ್ತಾರೆ. ಪಾಸ್‌ಪೋರ್ಟ್ ಜೇಬಿನಲ್ಲಿರಲಿ. ಚಿಕ್ಕವನಿಗೆ ಇನ್ನೂ 19 ಅಲ್ವಾ, ಮಕಾವ್‌ನಲ್ಲಿ 21 ಆಗದವರನ್ನು ಒಳಗೆ ಬಿಡಲ್ಲ. ಅವನನ್ನೂ ಅತ್ತೆಯನ್ನೂ ವೆನೇಷಿಯನ್ ಹೋಟೆಲ್ ಒಳಗಿನ ದೋಣಿ ಹತ್ತಿಸಿ ನೀವು ಹೋಗಿ.