ಕ್ರೋಮ್ ಹಾಕಿಸಿದ ಶಾಫ್ಟ್ ಯಾಕೆ ಮುರಿಯಿತು?

ಪ್ರಶ್ನೆ: ಮಲ್ಪೆಯಲ್ಲಿ ಬೋಟ್ ರಿಪೇರಿ ಮಾಡುತ್ತೇನೆ. ಸವೆದ ಸ್ಟೀಲ್ ಪ್ರೊಪೆಲ್ಲರ್ ಶಾಫ್ಟಿಗೆ ಹಾರ್ಡ್ ಕ್ರೋಮ್ ಪ್ಲೇಟಿಂಗ್ (ಲೋಹದ ಲೇಪ) ಹಾಕಿಸಿದ್ದೆ. ಎಂಟೇ ತಿಂಗಳಿಗೆ ತುಂಡಾಯಿತು. ಮುರಿದ ಮುಖದಲ್ಲಿ ಮರುವಾಯಿ ಚಿಪ್ಪಿನಂಥ ಗೆರೆಗಳು, ಅಂಚಿನಲ್ಲೊಂದು ತುಕ್ಕಿನ ಚುಕ್ಕೆ. ಕ್ರೋಮ್ ಗಟ್ಟಿ ಅಲ್ವಾ?

ಉತ್ತರ: ಗಟ್ಟಿ ಹೌದು. ಆದರೆ ಅದರ ತುಂಬ ಕಣ್ಣಿಗೆ ಕಾಣದ ಬಿರುಕುಗಳಿರುತ್ತವೆ, ಉಪ್ಪುನೀರು ಅಲ್ಲಿಂದಲೇ ಇಳಿಯುತ್ತದೆ. ಆ ಗೆರೆಗಳು ಫಟೀಗ್ ಗುರುತು, ಅಂದರೆ ಮತ್ತೆ ಮತ್ತೆ ಬೀಳುವ ಭಾರಕ್ಕೆ ಬಿರುಕು ಸ್ವಲ್ಪಸ್ವಲ್ಪವೇ ಬೆಳೆದದ್ದು. ಮುಂದಿನ ಸಲ ಪ್ಲೇಟಿಂಗಿಗೆ ಮೊದಲು ಶಾಟ್ ಪೀನಿಂಗ್ ಮಾಡಿಸಿ. ಸಣ್ಣ ಗುಂಡುಗಳ ಹೊಡೆತಕ್ಕೆ ಮೇಲ್ಪದರ ಒತ್ತಿಕೊಂಡು ನಿಲ್ಲುತ್ತದೆ, ಬಿರುಕು ಬಾಯಿ ಬಿಡುವುದು ಕಷ್ಟ.

ಇನ್ನೊಂದು ಉತ್ತರ: ಪೀನಿಂಗಿನಲ್ಲಿ ಒತ್ತಿಕೊಂಡ ಆ ಪದರ ಹೆಚ್ಚಾಗಿ ಅರ್ಧ ಮಿಲಿಮೀಟರೂ ಇರುವುದಿಲ್ಲ. ತುಕ್ಕಿನ ಗುಂಡಿ ಅದಕ್ಕಿಂತ ಆಳಕ್ಕೆ ಹೋದರೆ ಪೀನಿಂಗ್ ಸುಮ್ನೆ ದಂಡ. ಶಾಫ್ಟಿನ ಬದಲು ತಾನು ಸವೆದು ತುಕ್ಕು ತಡೆಯುವ ಸತುವಿನ ತುಂಡು, ಆನೋಡ್, ಹೇಗಿದೆ?

ಕೇಳಿದವರು: ಈಗಷ್ಟೇ ನೋಡಿದೆ. ಬೋಲ್ಟ್ ಮಾತ್ರ ಉಳಿದಿದೆ.