ಪಿಯುಸಿ ಆದಮೇಲೆ ಅರೇಬಿಕ್ ಬಿಎ: ಲಿಪಿಯೇ ಗೊತ್ತಿಲ್ಲದವರು ಸೇರಬಹುದಾ?

ಹಾಸನದ_ಓದುಗಿ
ದೆಹಲಿಯ ಜೆಎನ್‌ಯು (ಜವಾಹರಲಾಲ್ ನೆಹರು ವಿಶ್ವವಿದ್ಯಾಲಯ)ದಲ್ಲಿ ಅರೇಬಿಕ್ ಬಿಎ ಮಾಡುವ ಯೋಚನೆ. ಉರ್ದುವೂ ಬರಲ್ಲ. ಮೊದಲ ವರ್ಷ ತೊಡಕಾಗುವುದು ಎಲ್ಲಿ? ಡಿಗ್ರಿ ಮುಗಿದರೆ ಬೆಂಗಳೂರಿನ ಆಸ್ಪತ್ರೆಗಳಲ್ಲಿ ಅರಬ್ ದೇಶಗಳ ರೋಗಿಗಳಿಗೆ ದುಭಾಷಿಯಾಗುವ ಕೆಲಸಕ್ಕೆ ಅಷ್ಟೇ ಸಾಕಾ?

ಧಾತುಪಾಠ
ಸೇರಬಹುದು. ಅಲ್ಲಿ ಪಾಠ ಮೊದಲ ಅಕ್ಷರ ಅಲಿಫ್‌ನಿಂದಲೇ ಶುರು, ಪ್ರವೇಶ ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ. ಆದರೆ ಮದರಸಾದಲ್ಲಿ ವರ್ಷಗಟ್ಟಲೆ ವ್ಯಾಕರಣ ಓದಿ ಬಂದವರೂ ಪಕ್ಕದ ಬೆಂಚಿನಲ್ಲಿರುತ್ತಾರೆ, ಆದ್ದರಿಂದ ಲಿಪಿಯನ್ನು ಮನೆಯಲ್ಲೇ ಕಲಿತು ಹೋಗಿ. ಇರುವುದು 28 ಅಕ್ಷರ. ಅಲಿಫ್, ದಾಲ್, ಧಾಲ್, ರಾ, ಝಾಯ್, ವಾವ್ ಈ ಆರು ಮುಂದಿನ ಅಕ್ಷರಕ್ಕೆ ಕೂಡಿಕೊಳ್ಳುವುದಿಲ್ಲ.

ನಿಜವಾದ ತೊಡಕು ನಿಘಂಟಿನದು. ತರಗತಿಯಲ್ಲಿ ಬಳಸುವ ಹಾನ್ಸ್ ವೇರ್ ನಿಘಂಟಿನಲ್ಲಿ ಪದಗಳನ್ನು ಜೋಡಿಸಿರುವುದು ಧಾತುವಿನ ಮೇಲೆ, ಅಂದರೆ ಪದದ ಮೂಲದಲ್ಲಿರುವ, ಸಾಮಾನ್ಯವಾಗಿ ಮೂರು, ವ್ಯಂಜನಗಳ ಮೇಲೆ. ‘ಮಕ್ತಬಾ’ (ಗ್ರಂಥಾಲಯ) ಮ-ದಲ್ಲಿ ಸಿಗಲ್ಲ, ಕ-ತ-ಬದಲ್ಲಿ ಸಿಗುತ್ತದೆ. ಧಾತು ಹುಡುಕಲು ಮೊದಲು ‘ಅಲ್’ (ಇಂಗ್ಲಿಷಿನ ‘the’ ಇದ್ದಂತೆ) ಮತ್ತು ಅಂಟಿಕೊಂಡ ಅವ್ಯಯ ಕಳಚಿ, ಆಮೇಲೆ ಪದದ ಆರಂಭದ ‘ಮ’, ‘ಇಸ್ತ್’, ನಂತರ ನಡುವಿನ ದೀರ್ಘ ಸ್ವರ. ‘ಇಸ್ತಿಖ್ದಾಮ್’ (ಬಳಕೆ) ಹೀಗೆ ಖ-ದ-ಮಕ್ಕೆ ಇಳಿಯುತ್ತದೆ. ಕೈಕೊಡುವುದು ದುರ್ಬಲ ಧಾತುಗಳು, ಅಂದರೆ ವಾವ್ (ವ) ಅಥವಾ ಯಾ (ಯ) ಇರುವಂಥವು: ‘ನಾಮ’ದ (ಮಲಗಿದ) ಅಲಿಫ್ ಒಳಗೆ ವಾವ್ ಅಡಗಿದೆ, ಹುಡುಕಬೇಕಾದ್ದು ನ-ವ-ಮ. ‘ಸಿಫಾ’ದಲ್ಲಿ (ಗುಣ) ಮೊದಲಿನ ವಾವೇ ಉದುರಿಹೋಗಿದೆ. ಎರಡೇ ವ್ಯಂಜನ ಉಳಿದರೆ ಕಾಣೆಯಾಗಿದ್ದು ಸಾಮಾನ್ಯವಾಗಿ ವಾವ್ ಅಥವಾ ಯಾ.

ನಾಲಗೆ_ತುದಿ
ಉಚ್ಚಾರಣೆಯಲ್ಲಿ ಕನ್ನಡದವರಿಗೆ ಅರ್ಧ ಕೆಲಸ ಆಗಿಯೇ ಇರುತ್ತದೆ. ‘ದರಸ’ ಅಂದರೆ ಓದಿದ, ‘ದರ್ರಸ’ ಅಂದರೆ ಪಾಠ ಹೇಳಿದ. ಒತ್ತಕ್ಷರ ಬಲ್ಲ ಕಿವಿಗೆ ಇದನ್ನು ಕಲಿಸಬೇಕಾಗಿಲ್ಲ. ಎಡವುವುದು ತ್ವಾ, ದ್ವಾದ್ ಎಂಬ ದಪ್ಪ ದನಿಯ ಅಕ್ಷರಗಳಲ್ಲಿ. ನಾವು ಅವನ್ನು ಟ, ಡ ಮಾಡಿಬಿಡುತ್ತೇವೆ. ನಾಲಗೆ ಮಡಿಸಬೇಡಿ. ತುದಿ ಮೇಲಿನ ಹಲ್ಲಿನ ಹಿಂದೆಯೇ ಇರಲಿ, ಹಿಂಭಾಗ ಮೇಲೇಳಲಿ, ಪಕ್ಕದ ಸ್ವರ ತಾನಾಗಿ ದಪ್ಪವಾಗುತ್ತದೆ.

ಇನ್ನೊಂದು: ಮನುಷ್ಯರಲ್ಲದವುಗಳ ಬಹುವಚನಕ್ಕೆ ಅರೇಬಿಕ್‌ನಲ್ಲಿ ಸ್ತ್ರೀಲಿಂಗ ಏಕವಚನದ ವಿಶೇಷಣ. ಆಡುಮಾತಿನಲ್ಲಿ ‘ಪುಸ್ತಕಗಳು ಇದೆ’ ಅನ್ನುವವರಿಗೆ ಏಕವಚನ ವಿಚಿತ್ರ ಅನಿಸಲ್ಲ, ಸ್ತ್ರೀಲಿಂಗ ಅನಿಸುತ್ತದೆ.

ವಾರ್ಡ್_ದುಭಾಷಿ
ಆಸ್ಪತ್ರೆಗೆ ಡಿಗ್ರಿ ಮಾತ್ರ ಸಾಲದು. ವಿಶ್ವವಿದ್ಯಾಲಯದಲ್ಲಿ ಮುಖ್ಯವಾಗಿ ಕಲಿಸುವುದು ಫುಸ್ಹಾ, ಅಂದರೆ ಗ್ರಾಂಥಿಕ ಅರೇಬಿಕ್. ರೋಗಿ ಮಾತಾಡುವುದು ತನ್ನ ಊರಿನದು. ‘ಏನು ಬೇಕು’ ಅನ್ನಲು ಫುಸ್ಹಾದಲ್ಲಿ ‘ಮಾಧಾ ತುರೀದ್’, ಇರಾಕಿನವರಿಗೆ ‘ಶ್ತಿರೀದ್’, ಸನಾ ಕಡೆಯ ಯೆಮೆನಿಗಳಿಗೆ ‘ಏಶ್ ತಿಶ್ತಿ’, ಸುಡಾನಿನವರಿಗೆ ‘ಆಯಿಜ್ ಶಿನು’. ಕಾದಂಬರಿ ಓದಿದರೆ ಆಡುಮಾತು ಬರುತ್ತದೆ ಅಂದುಕೊಳ್ಳಬೇಡಿ. 1988ರಲ್ಲಿ ನೊಬೆಲ್ ಪಡೆದ ಈಜಿಪ್ಟಿನ ಕಾದಂಬರಿಕಾರ ನಜೀಬ್ ಮಹ್ಫೂಝ್ ಸಂಭಾಷಣೆಯನ್ನೂ ಫುಸ್ಹಾದಲ್ಲೇ ಬರೆದವರು.

ಆಸ್ಪತ್ರೆಯಲ್ಲಿ ಅಪಾಯ ಇರುವುದು ಸಂಖ್ಯೆಗಳಲ್ಲಿ. ‘ಹಬ್ಬತೈನ್’ ಅಂದರೆ ಎರಡು ಮಾತ್ರೆ. ‘ಎರಡು’ ಅನ್ನುವ ಪದ ಬೇರೆ ಬರಲ್ಲ, ಎಲ್ಲ ‘ಐನ್’ನಲ್ಲಿದೆ. 25ನ್ನು ‘ಐದು ಮತ್ತು ಇಪ್ಪತ್ತು’ ಅನ್ನುತ್ತಾರೆ, ಅವಸರದಲ್ಲಿ ಬರೆದುಕೊಂಡರೆ 52 ಆಗುತ್ತದೆ. ರೋಗಿಗಳು ತರುವ ಹಳೆಯ ವರದಿಗಳಲ್ಲಿನ ಅರೇಬಿಕ್ ಅಂಕಿ ಇನ್ನೂ ಮೋಸ: ನಮ್ಮ ಸೊನ್ನೆಯಂತೆ ದುಂಡಗಿರುವುದು ಐದು, ಅವರ ಸೊನ್ನೆ ಬರೀ ಚುಕ್ಕೆ, 7ರಂತೆ ಕಾಣುವುದು ಆರು. ಡೋಸ್ ಯಾವುದೇ ಇರಲಿ, ಬೆರಳಲ್ಲಿ ತೋರಿಸಿ, ರೋಗಿಯ ಬಾಯಲ್ಲೇ ಮತ್ತೆ ಹೇಳಿಸಿ.

ಹಾಸನದ_ಓದುಗಿ
ಹಾಗಾದರೆ ಮೊದಲಿಂದಲೇ ಇರಾಕಿ ಕಲಿತುಬಿಡಲಾ?

ಧಾತುಪಾಠ
ಬೇಡ. ಮೂರನೇ ಸೆಮಿಸ್ಟರ್‌ವರೆಗೆ ಫುಸ್ಹಾ ಒಂದೇ ಇರಲಿ. ಜೊತೆಜೊತೆಗೆ ಹಿಡಿದರೆ ಕ್ರಿಯಾಪದದ ರೂಪಗಳು ಕಲಸಿಹೋಗಿ ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ. ಅರೇಬಿಕ್‌ನಲ್ಲಿ ಬರೆದ ಒಪ್ಪಿಗೆ ಪತ್ರ, ವರದಿ ಫುಸ್ಹಾದಲ್ಲೇ ಇರುತ್ತವೆ.

ವಾರ್ಡ್_ದುಭಾಷಿ
ಒಪ್ಪಿದೆ, ಆದರೆ ಕೇಳುವುದನ್ನು ಮೊದಲ ವರ್ಷವೇ ಶುರು ಮಾಡಲಿ, ಮಾತಾಡುವುದು ಆಮೇಲೆ. ಯಾವ ಆಡುಮಾತು ಅನ್ನುವುದಕ್ಕೆ, ಕೆಲಸ ಮಾಡಬೇಕೆಂದಿರುವ ಆಸ್ಪತ್ರೆಯ ವಿದೇಶಿ ರೋಗಿಗಳ ಡೆಸ್ಕ್‌ನಲ್ಲಿ ಯಾವ ದೇಶದವರು ಹೆಚ್ಚು ಅಂತ ವಿಚಾರಿಸಿ.