ವಿಪಿಎನ್ ಕನೆಕ್ಟ್ ಆಗುತ್ತೆ, ಆಫೀಸ್ ಸರ್ವರ್ ಮಾತ್ರ ಸಿಗಲ್ಲ: ರೂಟ್ ಎರರ್ 5, ಆಮೇಲೆ 5010

ಪ್ರಶ್ನೆ:
ಮನೆಯಿಂದ ಆಫೀಸ್ ನೆಟ್‌ವರ್ಕ್‌ಗೆ ವಿಪಿಎನ್ (ಇಂಟರ್ನೆಟ್ ಮೂಲಕ ಹೋಗುವ ಖಾಸಗಿ ಸುರಂಗ, ಅಂದರೆ ಟನಲ್): ವಿಂಡೋಸ್ 11, ಓಪನ್‌ವಿಪಿಎನ್ 2.6. ಟರ್ಮಿನಲ್‌ನಿಂದ ಶುರು ಮಾಡಿದರೆ ಲಾಗ್‌ನಲ್ಲಿ ‘ಆಕ್ಸೆಸ್ ಈಸ್ ಡಿನೈಡ್, ಸ್ಟೇಟಸ್=5’. ಅಡ್ಮಿನ್ ಆಗಿ ಓಡಿಸಿದರೆ ಅದು ಹೋಗಿ ‘ಆಬ್ಜೆಕ್ಟ್ ಆಲ್ರೆಡಿ ಎಕ್ಸಿಸ್ಟ್ಸ್, ಸ್ಟೇಟಸ್=5010’ ಬರುತ್ತೆ. 10.8.0.1 (ವಿಪಿಎನ್ ಸರ್ವರ್) ಪಿಂಗ್ ಆಗುತ್ತೆ, 192.168.1.50 (ಆಫೀಸ್ ಸರ್ವರ್) ಆಗಲ್ಲ. ಉತ್ತರ ಹೀಗಿದೆ: ‘ರಿಪ್ಲೈ ಫ್ರಂ 192.168.1.23: ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’. ರೀಡೈರೆಕ್ಟ್-ಗೇಟ್‌ವೇ (ಎಲ್ಲ ಟ್ರಾಫಿಕ್ಕನ್ನೂ ವಿಪಿಎನ್‌ಗೆ ತಿರುಗಿಸೋ ಆಯ್ಕೆ) ಹಾಕಿದರೂ ಅದೇ ಕಥೆ.

ಉತ್ತರ 1:
ಎರಡು ಎರರ್‌ಗೂ ನಿಮ್ಮ ಅಸಲಿ ತೊಂದರೆಗೂ ಸಂಬಂಧ ಇಲ್ಲ. 5 ಅಂದರೆ ರೂಟ್ (ಪ್ಯಾಕೆಟ್ ಯಾವ ದಾರೀಲಿ ಹೋಗಬೇಕು ಅನ್ನೋ ಸಾಲು) ಸೇರಿಸೋ ಹಕ್ಕಿಲ್ಲ, ಅಷ್ಟೆ. ಟರ್ಮಿನಲ್ ಬಿಟ್ಟು ಓಪನ್‌ವಿಪಿಎನ್ ಜಿಯುಐ ಆ್ಯಪ್‌ನಿಂದ ಶುರು ಮಾಡಿ, ಸರ್ವೀಸಸ್‌ನಲ್ಲಿ ಓಪನ್‌ವಿಪಿಎನ್ ಇಂಟರ್ಯಾಕ್ಟಿವ್ ಸರ್ವೀಸ್ ಓಡ್ತಿರಲಿ. ಆಗ ಅಡ್ಮಿನ್ ಬೇಕಾಗಲ್ಲ. 5010 ಸಾಮಾನ್ಯವಾಗಿ ಒಂದೇ ರೂಟ್ ಎರಡು ಸಲ ಬಂದಾಗ: ಸರ್ವರ್ ಪುಷ್ ಮಾಡಿದ್ದನ್ನೇ (ತಾನಾಗೇ ಕಳಿಸಿದ್ದನ್ನೇ) ನಿಮ್ಮ ಕಾನ್ಫಿಗ್ ಫೈಲ್‌ನಲ್ಲೂ ಬರೆದಿರ್ತೀರಿ. ಒಂದನ್ನು ತೆಗೆಯಿರಿ.

ಪಿಂಗ್‌ಗೆ ಉತ್ತರ ಕೊಟ್ಟವರು ಯಾರು ನೋಡಿ. 192.168.1.23 ನಿಮ್ಮದೇ ವೈಫೈ ಐಪಿ ತಾನೆ? ಅಂದರೆ ಪ್ಯಾಕೆಟ್ ಟನಲ್‌ಗೆ ಹೋಗೇ ಇಲ್ಲ. ವಿಂಡೋಸ್ .50 ಅನ್ನು ಮನೆಯ ನೆಟ್‌ವರ್ಕ್‌ನಲ್ಲೇ ಹುಡುಕಿ ಕೈಚೆಲ್ಲಿದೆ. ಮನೆ, ಆಫೀಸ್ ಎರಡೂ ಕಡೆ 192.168.1.0/24, ಅಂದರೆ 192.168.1 ಅಂತ ಶುರುವಾಗೋ ಒಂದೇ ಐಪಿ ಗುಂಪು (ಸಬ್‌ನೆಟ್). ‘ರೂಟ್ ಪ್ರಿಂಟ್ -4’ ಕೊಟ್ಟರೆ ಆ ಸಾಲು ಎರಡು ಸಲ ಕಾಣುತ್ತೆ. ಮೆಟ್ರಿಕ್ (ದಾರಿಯ ವೆಚ್ಚದ ಅಂಕಿ) ಕಡಿಮೆ ಇದ್ದದ್ದು ಗೆಲ್ಲುತ್ತೆ. ರೀಡೈರೆಕ್ಟ್-ಗೇಟ್‌ವೇ ಡೆಫ್1 ಸೇರಿಸೋದು 0.0.0.0/1 ಮತ್ತು 128.0.0.0/1. ಸ್ಲ್ಯಾಷ್ ಆದಮೇಲಿನ ಅಂಕಿ (ಪ್ರಿಫಿಕ್ಸ್ ಉದ್ದ) ದೊಡ್ಡದಿದ್ದ ರೂಟೇ ಮೊದಲು, ಹಾಗಾಗಿ /24ರ ಮುಂದೆ /1ರ ಆಟ ನಡೆಯಲ್ಲ.

ಸದ್ಯಕ್ಕೆ ಕಾನ್ಫಿಗ್‌ನಲ್ಲಿ ಈ ಸಾಲು ಹಾಕಿ:
ರೂಟ್ 192.168.1.50 255.255.255.255
255.255.255.255 ಅಂದರೆ /32, ಒಂದೇ ಐಪಿ. ಅದು ಎಲ್ಲಕ್ಕಿಂತ ಉದ್ದದ ಪ್ರಿಫಿಕ್ಸ್, ಮೆಟ್ರಿಕ್ ಎಷ್ಟಿದ್ದರೂ ಇದೇ ಗೆಲ್ಲೋದು. ಮನೆಯ ಪ್ರಿಂಟರ್‌ಗೂ .50 ಇದ್ದರೆ ವಿಪಿಎನ್ ಇರುವಷ್ಟು ಹೊತ್ತು ಅದು ಸಿಗಲ್ಲ. 192.168.1.1ಕ್ಕೆ (ಸಾಮಾನ್ಯವಾಗಿ ಮನೆಯ ರೌಟರ್) ಮಾತ್ರ ಹೀಗೆ ಮಾಡಬೇಡಿ. ಡಿಎನ್ಎಸ್ (ಸೈಟ್ ಹೆಸರಿಗೆ ಐಪಿ ಹುಡುಕಿಕೊಡೋದು) ಮನೆಯ ರೌಟರ್‌ನಲ್ಲಿದ್ದರೆ ಅದೂ ಕೈತಪ್ಪುತ್ತೆ.

ಪ್ರಶ್ನೆ ಕೇಳಿದವರು:
/32 ಹಾಕಿದೆ. ಈಗ ‘ರಿಕ್ವೆಸ್ಟ್ ಟೈಮ್ಡ್ ಔಟ್’.

ಉತ್ತರ 2:
ಒಳ್ಳೇ ಸುದ್ದಿ. ಪ್ಯಾಕೆಟ್ ಟನಲ್‌ಗೆ ಹೊರಟಿದೆ, ಉತ್ತರ ಮಾತ್ರ ವಾಪಸ್ ಬರ್ತಿಲ್ಲ. ವಿಪಿಎನ್ ಸರ್ವರ್ ಲಿನಕ್ಸ್ ಆಗಿದ್ದರೆ ಟನ್0 (ಟನಲ್ ಇಂಟರ್ಫೇಸ್) ಮೇಲೂ ಲ್ಯಾನ್ (ಆಫೀಸ್ ನೆಟ್‌ವರ್ಕ್) ಕಾರ್ಡ್ ಮೇಲೂ ಟಿಸಿಪಿಡಂಪ್ (ಪ್ಯಾಕೆಟ್ ನೋಡೋ ಟೂಲ್) ಹಾಕಿ. ಟನ್0ನಲ್ಲಿ ಕಂಡು ಲ್ಯಾನ್‌ನಲ್ಲಿ ಕಾಣದಿದ್ದರೆ ಐಪಿ ಫಾರ್ವರ್ಡ್ (ಪ್ಯಾಕೆಟ್ ಮುಂದಕ್ಕೆ ದಾಟಿಸೋ ಸೆಟ್ಟಿಂಗ್) 0 ಇದೆ, ಇಲ್ಲವೇ ಫೈರ್‌ವಾಲ್‌ನ ಫಾರ್ವರ್ಡ್ ಚೈನ್ ತಡೀತಿದೆ. ಎರಡರಲ್ಲೂ ರಿಕ್ವೆಸ್ಟ್ ಕಂಡು ರಿಪ್ಲೈ ಇಲ್ಲದಿದ್ದರೆ, ಆಫೀಸ್ ರೌಟರ್‌ಗೆ 10.8.0.0/24 (ವಿಪಿಎನ್ ಐಪಿಗಳು) ಎಲ್ಲಿದೆ ಅನ್ನೋದೇ ಗೊತ್ತಿಲ್ಲ. ಅಲ್ಲಿ ಸ್ಟ್ಯಾಟಿಕ್ ರೂಟ್ ಬೇಕು: 10.8.0.0/24, ನೆಕ್ಸ್ಟ್ ಹಾಪ್ ವಿಪಿಎನ್ ಸರ್ವರ್‌ನ ಲ್ಯಾನ್ ಐಪಿ. ರೌಟರ್ ಮುಟ್ಟೋ ಹಾಗಿಲ್ಲದಿದ್ದರೆ ಸರ್ವರ್‌ನಲ್ಲೇ ಮಾಸ್ಕರೇಡ್ (ಎಲ್ಲರ ಐಪಿ ಬದಲು ಸರ್ವರ್ ತನ್ನ ಐಪಿ ಹಾಕೋದು), ಆದರೆ ಆಮೇಲೆ .50ರ ಲಾಗ್‌ನಲ್ಲಿ ಎಲ್ಲರೂ ಒಂದೇ ಐಪಿಯಾಗಿ ಕಾಣ್ತಾರೆ.

.50 ವಿಂಡೋಸ್ ಆಗಿದ್ದರೆ ಅದರ ಫೈರ್‌ವಾಲನ್ನೂ ನೋಡಿ. ಪ್ರೈವೇಟ್ ಪ್ರೊಫೈಲ್‌ನಲ್ಲಿ ಪಿಂಗ್ ರೂಲ್ ‘ಲೋಕಲ್ ಸಬ್‌ನೆಟ್’ಗೆ ಮಾತ್ರ, 10.8.0.x ಅದಕ್ಕೆ ಹೊರಗಿನವನು.

ಉತ್ತರ 1:
/32 ಪಟ್ಟಿ ಐದಾರು ದಾಟಿದರೆ ತಲೆನೋವು, ಜೊತೆಗೆ ಕೆಫೆ ವೈಫೈಗಳಲ್ಲೂ ಇದೇ ಸಬ್‌ನೆಟ್ ಸಿಗುತ್ತೆ. ಆಫೀಸ್ ಸಬ್‌ನೆಟ್ ಬದಲಿಸೋದೇ ಸರಿ, ಉದಾಹರಣೆಗೆ 10.73.41.0/24. ಆಗಲ್ಲ ಅಂದರೆ ಸರ್ವರ್‌ನಲ್ಲಿ ಐಪಿಟೇಬಲ್ಸ್‌ (ಲಿನಕ್ಸ್ ಫೈರ್‌ವಾಲ್ ಟೂಲ್) ನೆಟ್‌ಮ್ಯಾಪ್, ಅಂದರೆ ಇಡೀ ಸಬ್‌ನೆಟ್‌ಗೆ ಇನ್ನೊಂದು ಐಪಿ ಗುಂಪು ಜೋಡಿಸೋದು: ಹೊರಗೆ 10.99.1.0/24, ಒಳಗೆ 192.168.1.0/24. ಪುಷ್ ಮಾಡೋ ರೂಟನ್ನೂ 10.99.1.0ಗೆ ಬದಲಿಸಿ. ಕೊನೆಯ ಅಂಕಿ ಹಾಗೇ ಉಳಿಯುತ್ತೆ, .50 ಬೇಕಾದರೆ 10.99.1.50.